ಅಪ್ಪಾಜಿ ಜೊತೆ ನಾಲ್ಕು ದಿನ: ಪಟ್ಟಿಯಲ್ಲಿ ಹನ್ನೊಂದು ಊರು, ಯಾವುದನ್ನು ಬಿಡಲಿ?

ವಿದ್ಯಾನಗರ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ನನಗೆ ನಾಲ್ಕು ದಿನ ರಜೆ ಸಿಕ್ಕಿದೆ, ಗುರುವಾರದಿಂದ ಭಾನುವಾರದವರೆಗೆ. ಅಪ್ಪಾಜಿಯನ್ನು ಕರೆದುಕೊಂಡು ನಮ್ಮ ಕಡೆಯ ಹಳೆಯ ಊರು, ಗುಡಿ ನೋಡಿ ಬರಬೇಕು ಅಂತ ಮನಸ್ಸು. ಕಾರು ನಮ್ಮದೇ, ಓಡಿಸುವವಳು ನಾನೇ. ಹೋಗುವವರು ಇಬ್ಬರೇ.

ಅಪ್ಪಾಜಿಗೆ 72 ವರ್ಷ. ಹಾವೇರಿ ಜಿಲ್ಲೆಯ ಹೈಸ್ಕೂಲುಗಳಲ್ಲಿ 33 ವರ್ಷ ಕನ್ನಡ ಮಾಸ್ತರರಾಗಿದ್ದರು. ಪಂಪ, ರನ್ನ, ಕುಮಾರವ್ಯಾಸ ಅಂದರೆ ಅವರಿಗೆ ಮನೆಯ ಹಿರಿಯರಿದ್ದ ಹಾಗೆ. ಆದರೆ ಲಕ್ಕುಂಡಿ ನೋಡಿಲ್ಲ. ಗದಗಿಗೆ ಎಷ್ಟೋ ಸಲ ಹೋಗಿದ್ದಾರೆ, ಪೇಪರ್ ತಿದ್ದುವುದಕ್ಕೆ. ಕೆಲಸ ಮುಗಿದ ತಕ್ಷಣ ಸಂಜೆ ಬಸ್ಸಿಗೆ ವಾಪಸ್. ಬೇಸಿಗೆ ರಜೆ ಬಂದರೆ ಹೊಲದ ಕೆಲಸ, ಅತ್ತೆಯಂದಿರ ಮದುವೆ, ಆಮೇಲೆ ನಮ್ಮ ಓದು. ಅವ್ವ ಹೋದ ಮೇಲೆ ಎಲ್ಲಿಗೂ ಹೋಗುತ್ತೇನೆ ಅಂತ ಬಾಯಿ ಬಿಟ್ಟು ಕೇಳಿದವರಲ್ಲ.

ಎರಡು ವರ್ಷದ ಹಿಂದೆ ಒಂದು ಟೂರಿನ ಬಸ್ಸಿನಲ್ಲಿ ಅವರನ್ನು ಕಳಿಸಿದ್ದೆ. ಒಂದೇ ದಿನದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ. ಪಟ್ಟದಕಲ್ಲಿನಲ್ಲಿ ಸಿಕ್ಕಿದ್ದು 35 ನಿಮಿಷ. ಅಪ್ಪಾಜಿ ವಿರೂಪಾಕ್ಷ ಗುಡಿಯಲ್ಲಿ ಕಂಬದ ಮೇಲಿನ ಅಕ್ಷರ ಓದುತ್ತಾ ನಿಂತಿದ್ದಾಗ ಬಸ್ಸಿನವರು ಸೀಟಿ ಹೊಡೆದು ಕರೆದರಂತೆ. ಬಾದಾಮಿಯಲ್ಲಿ ಮೆಟ್ಟಿಲು ಹತ್ತುವಷ್ಟು ಹೊತ್ತಿಲ್ಲ ಅಂತ ಕೆಳಗೇ ಕೂರಿಸಿದ್ದರು. ಮನೆಗೆ ಬಂದವರು "ಊಟ ಚಲೋ ಇತ್ತು" ಅಂತಷ್ಟೇ ಹೇಳಿದರು. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ.

ಈ ಸಲ ನಾನು ಹಾಕಿರುವ ಪಟ್ಟಿ ಹೀಗಿದೆ. ಮೊದಲ ದಿನ ಅಣ್ಣಿಗೇರಿ, ಗದಗ, ಲಕ್ಕುಂಡಿ, ಡಂಬಳ. ಎರಡನೇ ದಿನ ಇಟಗಿ, ಕೊಪ್ಪಳ, ರಾತ್ರಿ ಹೊಸಪೇಟೆ. ಮೂರನೇ ದಿನ ಹಂಪಿ ನೋಡಿಕೊಂಡು ಬಾದಾಮಿ. ನಾಲ್ಕನೇ ದಿನ ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ರಾತ್ರಿ ಮನೆ. ನನ್ನ ತಮ್ಮ ಮೊಬೈಲಿನಲ್ಲಿ ಕಿಲೋಮೀಟರ್ ಲೆಕ್ಕ ಹಾಕಿ "ಆರಾಮ ಆಗುತ್ತೆ" ಅಂದ. ಬರೆದು ಮುಗಿಸಿದ ಮೇಲೆ ನೋಡಿದರೆ, ಆ ಬಸ್ಸಿನವರ ಪಟ್ಟಿಗೂ ನನ್ನದಕ್ಕೂ ಏನು ಫರಕು ಅನ್ನಿಸಿತು.

ಅಪ್ಪಾಜಿಗೆ ಮೊಣಕಾಲು ನೋವಿದೆ. ಸಕ್ಕರೆ ಕಾಯಿಲೆ ಇರುವುದರಿಂದ ಮಧ್ಯಾಹ್ನ ಒಂದು ಗಂಟೆಯೊಳಗೆ ಊಟ ಆಗಲೇಬೇಕು. ನಿಧಾನವಾಗಿ ನಡೆಯುತ್ತಾರೆ, ಆದರೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾರೆ. ಯಾವ ಊರು ಬಿಡಬೇಕು, ಯಾವುದನ್ನು ಬಿಡಲೇಬಾರದು? ಹೋಗಿ ಬಂದವರು ದಯವಿಟ್ಟು ಹೇಳಿ.

---

ಸಪ್ತಾಪುರ, ಧಾರವಾಡ

ಮೇಡಂ, ನನ್ನ ಮಾತು ಕೇಳಿದರೆ ಹಂಪಿ ಬಿಡಬೇಡಿ. ಬೇಕಾದರೆ ಉಳಿದದ್ದನ್ನು ಬಿಡಿ. ನಮ್ಮ ತಂದೆಯವರನ್ನು 75ನೇ ವಯಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ವಿಠ್ಠಲ ಗುಡಿಗೆ ಹೋಗಲು ಪಾರ್ಕಿಂಗಿನಿಂದ ಬ್ಯಾಟರಿ ಗಾಡಿ ಇದೆ, ನಡೆಯುವ ಕಷ್ಟ ಇಲ್ಲ. ಅಲ್ಲಿ ತೆಗೆದುಕೊಂಡ ಟಿಕೆಟ್ಟು ಅದೇ ದಿನ ಕಮಲ ಮಹಲಿಗೂ ನಡೆಯುತ್ತದೆ, ಬಿಸಾಡಬೇಡಿ. 1565ರ ಯುದ್ಧದ ಆಮೇಲೆ ಆ ಊರಿಗೆ ಏನಾಯಿತು ಅಂತ ಪಾಠ ಮಾಡಿದವರು ಮಹಾನವಮಿ ದಿಬ್ಬದ ಮುಂದೆ ಒಂದು ಸಲ ನಿಲ್ಲಬೇಕು. ಕಾರು ಬೇಡ ಅನ್ನಿಸಿದರೆ ಹುಬ್ಬಳ್ಳಿಯಿಂದ ಹೊಸಪೇಟೆಗೆ ಗದಗ, ಕೊಪ್ಪಳದ ಮೇಲೆ ನೇರ ರೈಲಿದೆ.

ಒಂದು ಮಾತು ಮಾತ್ರ ನಿಜ. ಹಂಪಿಗೆ ಎರಡು ದಿನ ಕೊಡುವುದಾದರೆ ಹೋಗಿ. ಅರ್ಧ ದಿನ ಅಂದರೆ ಬೇಡವೇ ಬೇಡ.

---

ಬೆಟಗೇರಿ ಮಗ್ಗದವ

ಅಕ್ಕಾರ, ನಾನು ಬೆಟಗೇರಿಯಲ್ಲಿ ಸೀರೆ ನೇಯುವವನು. ಓದಿದ್ದು ಕಡಿಮೆ. ಆದರೆ ಈ ಕಡೆಯ ಗುಡಿಗಳನ್ನು ಇಪ್ಪತ್ತು ವರ್ಷದಿಂದ ಸುತ್ತುತ್ತಿದ್ದೇನೆ. ಮೊದಮೊದಲು ಹೋಗುತ್ತಿದ್ದದ್ದು ಸೀರೆ ಅಂಚಿಗೆ ಹೊಸ ಚಿತ್ತಾರ ಹುಡುಕುವುದಕ್ಕೆ. ಆಮೇಲೆ ಅದೇ ಹುಚ್ಚು ಹಿಡಿಯಿತು.

ನಿಮ್ಮ ಪಟ್ಟಿಯಲ್ಲಿ ಊರುಗಳಿವೆ, ಅಪ್ಪಾಜಿ ಇಲ್ಲ. ಸಿಟ್ಟಾಗಬೇಡಿ. ಕನ್ನಡ ಮಾಸ್ತರರನ್ನು ಕರೆದುಕೊಂಡು ಹೋಗುವುದಾದರೆ ಕನ್ನಡದ ದಾರಿಯಲ್ಲೇ ಹೋಗಿ ಅಂತ ನನ್ನ ಮಾತು. ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ನಾಡು ಯಾವುದು ಅಂತ ಹೇಳುವಾಗ ನಾಲ್ಕು ಊರಿನ ಹೆಸರು ಬರುತ್ತವಲ್ಲ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಕಿಸುವೊಳಲು ಅಂದರೆ ಪಟ್ಟದಕಲ್ಲು. ಕೊಪಣ ಅಂದರೆ ಕೊಪ್ಪಳ. ಪುಲಿಗೆರೆ ಅಂದರೆ ನಮ್ಮ ಲಕ್ಷ್ಮೇಶ್ವರ. ಅದನ್ನು ನಿಮ್ಮ ಅಪ್ಪಾಜಿ ಎಷ್ಟು ಸಲ ಪಾಠ ಮಾಡಿರುತ್ತಾರೋ! ಆ ನಾಲ್ಕು ಊರಿನ ನಡುವಿನ ನೆಲದಲ್ಲೇ ನೀವು ತಿರುಗುವುದು. ಹಂಪಿಯನ್ನು ಬೇರೆ ಸಲಕ್ಕೆ ಇಡಿ. ಅದು ಬೇರೆ ಕಾಲ, ಬೇರೆ ಕಥೆ, ಬೇರೆ ರಜೆ.

ಗುರುವಾರ ಅಣ್ಣಿಗೇರಿ ದಾರಿ ಬಿಟ್ಟು ಲಕ್ಷ್ಮೇಶ್ವರದ ಮೇಲೆ ಬನ್ನಿ. ಅಣ್ಣಿಗೇರಿ ಪಂಪನ ತಾಯಿ ಅಬ್ಬಣಬ್ಬೆಯ ತವರು, ಅಮೃತೇಶ್ವರ ಗುಡಿಯೂ ದೊಡ್ಡದು, ಖರೆ. ಆದರೆ ಹುಬ್ಬಳ್ಳಿಯವರಿಗೆ ಅದು ಯಾವ ಭಾನುವಾರ ಬೇಕಾದರೂ ಆಗುತ್ತದೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿಯೂ ಶಂಖ ಬಸದಿಯೂ ಇವೆ. ಬಸದಿಯಲ್ಲಿ ಸಾವಿರ ಪುಟ್ಟ ಜಿನಬಿಂಬ ಕೊರೆದ ಸಹಸ್ರಕೂಟ ತಪ್ಪಿಸಬೇಡಿ. ಅಲ್ಲಿಂದ ಗದಗ 40 ಕಿಲೋಮೀಟರ್. ಊಟ ಮಾಡಿ ಸ್ವಲ್ಪ ಮಲಗಿಸಿ, ಸಂಜೆ ವೀರನಾರಾಯಣನ ಗುಡಿ. ಕುಮಾರವ್ಯಾಸ ಕುಳಿತು ಬರೆದ ಕಂಬ ಅಂತ ತೋರಿಸುತ್ತಾರೆ. ಕೊಳದಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ, ಬಟ್ಟೆ ಆರುವ ತನಕ ಪದ್ಯ ಬರುತ್ತಿತ್ತಂತೆ. ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳನ್ನೂ ನೋಡಿಸಿ. ಮೂರ್ತಿ ಒಡೆದಿದೆ. ಕಂಬಗಳು ಮಾತ್ರ ನಿನ್ನೆ ಉಜ್ಜಿ ಇಟ್ಟ ಹಾಗಿವೆ.

ಶುಕ್ರವಾರ ಪೂರ್ತಿ ಲಕ್ಕುಂಡಿಗೆ ಕೊಡಿ. ಗದಗದಿಂದ 12 ಕಿಲೋಮೀಟರ್ ಅಷ್ಟೇ. ಬೆಳಿಗ್ಗೆ ಎಂಟಕ್ಕೆ ಅಲ್ಲಿರಿ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರವರು ಹೇಳುತ್ತಾರೆ. ನೀವು ಮೂರು ನೋಡಿದರೆ ಸಾಕು. ಮೊದಲು ಬ್ರಹ್ಮ ಜಿನಾಲಯ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ್ದು. ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ. ರನ್ನನಿಗೆ ಆಸರೆಯಾದವಳು, ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದವಳು. ಅವಳ ಗುಡಿಯಲ್ಲಿ ಅಪ್ಪಾಜಿಯನ್ನು ಅವಸರ ಮಾಡಬೇಡಿ, ಕೈ ಮುಗಿಯುತ್ತೇನೆ. ಆಮೇಲೆ ಕಾಶಿ ವಿಶ್ವನಾಥ. ಅದರ ಬಾಗಿಲುವಾಡದಲ್ಲಿ ಅಂಚಿನ ಪಕ್ಕ ಅಂಚು, ಅದರ ಪಕ್ಕ ಇನ್ನೊಂದು ಅಂಚು. ಬಳ್ಳಿ ಒಂದು ಕಡೆ ಬಲಕ್ಕೆ ತಿರುಗಿದರೆ ಇನ್ನೊಂದು ಕಡೆ ಎಡಕ್ಕೆ. ಮಗ್ಗದ ಮೇಲೆ ನೂಲು ಎಣಿಸುವವನಿಗೆ ಅದನ್ನು ನೋಡಿದರೆ ಕೈ ಸುಮ್ಮನೆ ಇರುವುದಿಲ್ಲ. ಅದು ಬಳಪದ ಕಲ್ಲು. ತೆಗೆದಾಗ ಮೆತ್ತಗೆ, ಗಾಳಿಗೆ ಇದ್ದಷ್ಟೂ ಗಟ್ಟಿ. ಅದಕ್ಕೇ ಇಷ್ಟು ಸಣ್ಣ ಕೆಲಸ ಅದರಲ್ಲಿ ಆಗುತ್ತದೆ. ಮರುದಿನ ಬಾದಾಮಿಯ ಕೆಂಪು ಮರಳುಗಲ್ಲು ನೋಡುತ್ತೀರಲ್ಲ, ಆಗ ಇದನ್ನು ನೆನಪಿಸಿಕೊಳ್ಳಿ. ಕಲ್ಲು ಬದಲಾದ ಮೇಲೆ ಕೈಯೂ ಬದಲಾಗಿದೆ. ಮೂರನೆಯದು ಮಾಣಿಕೇಶ್ವರ ಗುಡಿ ಮುಂದಿನ ಮುಸುಕಿನ ಬಾವಿ. ಮೇಲಿನಿಂದಲೇ ತೋರಿಸಿ, ಮೆಟ್ಟಿಲು ಕಡಿದಾಗಿವೆ.

ಊಟ ಆದ ಮೇಲೆ ಶಕ್ತಿ ಇದ್ದರೆ ಇಟಗಿ. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿನ ಶಾಸನದಲ್ಲೇ ಅದಕ್ಕೆ ದೇವಾಲಯ ಚಕ್ರವರ್ತಿ ಅಂತ ಹೆಸರಿದೆ. ಪಕ್ಕದಲ್ಲಿ ಕಲ್ಯಾಣಿ, ಸುತ್ತ ಹೊಲ. ಜನ ಕಡಿಮೆ. ಸಂಜೆ ಕೂರುವುದಕ್ಕೆ ಇಷ್ಟು ಒಳ್ಳೆ ಜಾಗ ಬೇರೆ ಇಲ್ಲ ಅಂತ ನನ್ನ ಅನಿಸಿಕೆ. ರಾತ್ರಿ ವಾಪಸ್ ಗದಗಿಗೇ ಬನ್ನಿ. ದಿನಾ ಗಂಟು ಕಟ್ಟಿ ಬಿಚ್ಚುವುದೇ ವಯಸ್ಸಾದವರಿಗೆ ಜಾಸ್ತಿ ದಣಿವು. ಎರಡು ರಾತ್ರಿ ಗದಗ, ಒಂದು ರಾತ್ರಿ ಬಾದಾಮಿ, ಅಷ್ಟೇ ಇರಲಿ. ಡಂಬಳದ ದೊಡ್ಡಬಸಪ್ಪನ ಗುಡಿಗೆ 24 ಮೂಲೆ ಇವೆ, ನಕ್ಷತ್ರದ ಹಾಗೆ. ಅದನ್ನು ಬಿಡಿ ಅಂತ ಹೇಳುವಾಗ ನನಗೇ ಸಂಕಟ. ಆದರೂ ಈ ಸಲ ಬಿಡಿ.

ಶನಿವಾರ ರೋಣದ ಮೇಲೆ ಬಾದಾಮಿ, ಸುಮಾರು 70 ಕಿಲೋಮೀಟರ್. ಮ್ಯೂಸಿಯಂಗಳು ಶುಕ್ರವಾರ ಬಾಗಿಲು ಹಾಕಿರುತ್ತವೆ, ಶನಿವಾರ ಆ ತೊಂದರೆ ಇಲ್ಲ. ಗುಹೆಗೆ ಮೆಟ್ಟಿಲು ಜಾಸ್ತಿ, ಮೂರನೆಯ ಗುಹೆ ಮುಟ್ಟುವುದರೊಳಗೆ ನೂರು ದಾಟುತ್ತವೆ. ಆದರೆ ಒಂದೊಂದು ಗುಹೆಯಲ್ಲೂ ಕೂತು ಕೂತು ಹೋಗಬಹುದು. ಹೇಗಾದರೂ ಮೂರನೆಯದನ್ನು ಮುಟ್ಟಿಸಿ. ಮಂಗಳೇಶ ಹಾಕಿಸಿದ 578ರ ಶಾಸನ ಅಲ್ಲೇ ಇರುವುದು. ಅದು ಸಂಸ್ಕೃತ. ಅದರ ಹತ್ತಿರವೇ ಕನ್ನಡದ ಸಣ್ಣ ಶಾಸನ ಒಂದಿದೆ, ಲಂಜಿಗೇಸರ ಅನ್ನುವ ಊರನ್ನು ದಾನ ಕೊಟ್ಟದ್ದು. ಅಪ್ಪಾಜಿ ಅದನ್ನು ಹುಡುಕದೆ ಬಿಡುವುದಿಲ್ಲ. ಕೈಚೀಲ, ನೀರಿನ ಬಾಟಲಿ ಕಾರಿನಲ್ಲೇ ಬಿಡಿ. ಮಂಗಗಳು ಕೈಯಿಂದ ಕಿತ್ತುಕೊಂಡು ಹೋಗುತ್ತವೆ, ಎಳೆದಾಟದಲ್ಲಿ ಹಿರಿಯರು ಬೀಳುತ್ತಾರೆ.

ಭಾನುವಾರ ಬೆಳಿಗ್ಗೆ ಬೇಗ ಪಟ್ಟದಕಲ್ಲು, ಬಾದಾಮಿಯಿಂದ 22 ಕಿಲೋಮೀಟರ್. ಹೊತ್ತೇರಿದರೆ ಕಲ್ಲು ಕಾಯುತ್ತದೆ, ಬರಿಗಾಲು ಸುಡುತ್ತದೆ. ದಪ್ಪ ಸಾಕ್ಸ್ ಇಟ್ಟುಕೊಳ್ಳಿ. ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಬಾದಾಮಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಕಟ್ಟಿದವನ ಹೆಸರೂ ಶಾಸನದಲ್ಲಿದೆ: ಗುಂಡ ಅನಿವಾರಿತಾಚಾರಿ. ಕೈಕೆಲಸದವರ ಹೆಸರು ಉಳಿಯುವುದು ಅಪರೂಪ. ನಾನು ಹೋದಾಗಲೆಲ್ಲ ಆ ಹೆಸರಿಗೆ ಒಂದು ನಮಸ್ಕಾರ ಹಾಕಿ ಬರುತ್ತೇನೆ.

ಐಹೊಳೆ ಅಲ್ಲಿಂದ 12–13 ಕಿಲೋಮೀಟರ್. ಹೊತ್ತಿದ್ದರೆ ಹೋಗಿ, ಇಲ್ಲದಿದ್ದರೆ ಬೇಡ. ವಾಪಸ್ ಬರುವಾಗ ಕುಳಗೇರಿ ಕ್ರಾಸ್, ನರಗುಂದ, ನವಲಗುಂದ, ಹುಬ್ಬಳ್ಳಿ. ಕತ್ತಲಾಗುವ ಮುಂಚೆ ಮನೆ ಮುಟ್ಟಿ. ಸುಗ್ಗಿ ದಿನ, ಟ್ರ್ಯಾಕ್ಟರ್ ಟ್ರಾಲಿಗಳಿಗೆ ಹಿಂದೆ ದೀಪ ಇರುವುದಿಲ್ಲ.

---

ಹಾನಗಲ್ಲ ಹಾದಿ

ಮಗ್ಗದಣ್ಣ ಹೇಳಿದ್ದು ಸರಿ, ಹಾಗೇ ಹೋಗಿ ಬನ್ನಿ. ಆದರೆ ಅಪ್ಪಾಜಿ ಹಾವೇರಿ ಜಿಲ್ಲೆಯಲ್ಲಿ 33 ವರ್ಷ ಇದ್ದವರು ಅಂತ ಬರೆದಿದ್ದೀರಿ. ಹಾನಗಲ್ಲಿನ ತಾರಕೇಶ್ವರ, ಗಳಗನಾಥ, ಚೌಡಯ್ಯದಾನಪುರ ನೋಡಿದ್ದಾರಾ? ಎದುರಿಗಿದ್ದದ್ದೇ ಎಷ್ಟೋ ಸಲ ನೋಡಲು ಉಳಿಯುತ್ತದೆ. ಗಳಗನಾಥದಲ್ಲಿ ವರದಾ ನದಿ ತುಂಗಭದ್ರೆಗೆ ಸೇರುತ್ತದೆ, ಗುಡಿ ಅದರ ದಂಡೆಯ ಮೇಲೇ ಇದೆ. ತಾರಕೇಶ್ವರದಲ್ಲಿ ಮಂಟಪದ ನಡುವೆ ನಿಂತು ತಲೆ ಎತ್ತಿದರೆ ಕಲ್ಲಿನ ತಾವರೆ ಇಳಿಬಿದ್ದಿರುತ್ತದೆ. ಕುತ್ತಿಗೆ ನೋವಿದ್ದರೆ ಒಂದು ಸಣ್ಣ ಕನ್ನಡಿ ಒಯ್ಯಿರಿ, ಅದರಲ್ಲಿ ನೋಡಬಹುದು. ನಮ್ಮ ಅಜ್ಜಿಗೆ ಹಾಗೇ ತೋರಿಸಿದ್ದು. ಲಕ್ಕುಂಡಿಯಲ್ಲೂ ಆ ಕನ್ನಡಿ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು. ಬಾದಾಮಿಯಲ್ಲಿ ಊಟಕ್ಕೆ ಪರದಾಡಬೇಡಿ. 5 ಕಿಲೋಮೀಟರ್ ಆಚೆ ಬನಶಂಕರಿಗೆ ಹೋಗಿ. ಗುಡಿ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಚಟ್ನಿ, ಮೊಸರು ತಂದು ಬಡಿಸುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಜೋಳದ ರೊಟ್ಟಿಗಿಂತ ಒಳ್ಳೆಯದು ಇನ್ನೇನು ಬೇಕು? ಬನದ ಹುಣ್ಣಿಮೆಯ ಜಾತ್ರೆ ಜನವರಿಯಲ್ಲಿ ಬರುವುದು. ಡಿಸೆಂಬರಿನಲ್ಲಿ ಗದ್ದಲ ಇರುವುದಿಲ್ಲ.

---

ವಿದ್ಯಾನಗರ, ಹುಬ್ಬಳ್ಳಿ

ಹೋಗಿ ಬಂದೆವು. ಮೂರೂ ಜನಕ್ಕೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಹೇಗಾಯಿತು ಅಂತ ಬರೆಯಲೇಬೇಕು.

ಪುಲಿಗೆರೆಯಿಂದ ಶುರು ಮಾಡೋಣ ಅಂದಾಗ ಅಪ್ಪಾಜಿ ನನ್ನ ಮುಖ ನೋಡಿದರು. "ಯಾರು ಹೇಳಿದ್ದು ನಿನಗೆ?" ಅಂದರು. ಮಗ್ಗದ ಅಣ್ಣ ಬರೆದದ್ದನ್ನು ಓದಿ ಹೇಳಿದೆ. ಅವತ್ತು ರಾತ್ರಿಯೇ ಚೀಲ ತುಂಬಿಕೊಂಡು ಕೂತರು, ಇನ್ನೂ ಮೂರು ದಿನ ಬಾಕಿ ಇತ್ತು.

ಲಕ್ಷ್ಮೇಶ್ವರದಲ್ಲಿ ಗುಡಿಗಿಂತ ಮೊದಲು ಚಹಾ ಅಂಗಡಿ. ಅಂಗಡಿಯಾತ "ಸಕ್ಕರಿ ಹಾಕ್ಲ್ಯೋ, ಒಲ್ಲ್ಯೋ ಅಜ್ಜಾರ?" ಅಂತ ಕೇಳಿದ. ಅಪ್ಪಾಜಿ "ಒಲ್ಲೆ" ಅಂದರು. ಅಂದವರೇ ನನ್ನ ಕಡೆ ತಿರುಗಿ, "ಇದೇ ಮಾತು, ಒಲ್ಲೆಂ ಅಂತ ಪಂಪನ ಕಾಲದಲ್ಲೂ ಇತ್ತು. ಅವನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆ ಅಂತ ಹೇಳಿಕೊಂಡಿದ್ದು ಇಲ್ಲಿಯದನ್ನೇ" ಅಂದರು. ಆಮೇಲೆ ಇನ್ನೊಂದು ಚಹಾ ತರಿಸಿ ಅರ್ಧ ಗಂಟೆ ಅಲ್ಲೇ ಕೂತರು. ಬಂದುಹೋಗುವವರ ಮಾತು ಕೇಳುತ್ತಾ ಡೈರಿಯಲ್ಲಿ ಶಬ್ದ ಬರೆದುಕೊಂಡರು. ನನ್ನ ಹಳೆಯ ಪಟ್ಟಿಯಲ್ಲಿ ಈ ಅರ್ಧ ಗಂಟೆಗೆ ಜಾಗವೇ ಇರಲಿಲ್ಲ.

ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯ ಒಂದಕ್ಕೇ ಎರಡೂವರೆ ಗಂಟೆ. ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಫೋನು ಬಂದ್ ಮಾಡಿಟ್ಟೆ. ಕಾಶಿ ವಿಶ್ವನಾಥದ ಬಾಗಿಲುವಾಡದ ಮುಂದೆ ಅಣ್ಣನ ಅಂಚಿನ ಮಾತು ನೆನಪಾಯಿತು. ಅವ್ವನ ಒಂದು ಗದಗಿನ ಸೀರೆಗೆ ಅಂಥದೇ ಬಳ್ಳಿ ಇತ್ತು ಅಂತ ಅಪ್ಪಾಜಿಯೇ ಹೇಳಿದರು. ಮನೆಗೆ ಬಂದು ಟ್ರಂಕಿನಲ್ಲಿ ಹುಡುಕಿದೆ. ಸಿಕ್ಕಿತು. ಬಳ್ಳಿ ಹೌದು. ತಿರುಗುವ ದಿಕ್ಕು ಬೇರೆ.

ಇಟಗಿಗೆ ಹೋದಾಗ ನಾಲ್ಕು ದಾಟಿತ್ತು. ಕಲ್ಯಾಣಿಯ ಮೇಲಿನ ಮೆಟ್ಟಿಲಲ್ಲಿ ಕೂತು ಕತ್ತಲಾಗುವ ತನಕ ಮಾತಾಡಿದೆವು. ಏನು ಮಾತು ಅಂದರೆ, ಬರೀ ಅವ್ವನ ವಿಷಯ.

ಬಾದಾಮಿಯಲ್ಲಿ ಎರಡನೇ ಗುಹೆಯ ಹತ್ತಿರ ಅಪ್ಪಾಜಿ ಸಾಕು ಅಂದರು. ಇಪ್ಪತ್ತು ನಿಮಿಷ ಕೂತ ಮೇಲೆ ತಾವೇ ಎದ್ದು ಕೋಲು ತೆಗೆದುಕೊಂಡರು. ಮೂರನೆಯದರಲ್ಲಿ ಕನ್ನಡ ಶಾಸನ ಹುಡುಕಿದ್ದು ನಾನಲ್ಲ, ಅವರೇ. ಕೆಲವು ಅಕ್ಷರ ಓದಿದರು, ಕೆಲವು ಹತ್ತಲಿಲ್ಲ. ಹತ್ತದ್ದನ್ನು ಡೈರಿಯಲ್ಲಿ ಚಿತ್ರದ ಹಾಗೆ ಬರೆದುಕೊಂಡರು. ಸಂಜೆ ಅಗಸ್ತ್ಯ ತೀರ್ಥದ ಆಚೆ ದಂಡೆಗೆ ಹೋಗಿ, ಕಪ್ಪೆ ಅರಭಟ್ಟನ ಶಾಸನ ಇರುವ ಬಂಡೆಯನ್ನು ಕೆಳಗಿನಿಂದ ನೋಡಿದೆವು. ಅಷ್ಟು ದೂರಕ್ಕೆ ಅಕ್ಷರ ಕಾಣಲಿಲ್ಲ. ಅಪ್ಪಾಜಿಗೆ ಕಾಣುವ ಅಗತ್ಯವೂ ಇರಲಿಲ್ಲ. "ಸಾಧುಗೆ ಸಾಧು" ಅಂತ ಶುರು ಮಾಡಿ ಇಡೀ ತ್ರಿಪದಿ ಹೇಳಿದರು. 1300 ವರ್ಷದ ಹಿಂದಿನ ಪದ್ಯ, ಅದು ಕೊರೆದ ಕಲ್ಲಿನ ಕೆಳಗೇ ಬಾಯಿಪಾಠ ಹೇಳಿದ್ದನ್ನು ಕೇಳಿದ ಭಾಗ್ಯ ನನ್ನದು. ರೆಕಾರ್ಡ್ ಮಾಡಿಕೊಳ್ಳಬೇಕು ಅನ್ನುವುದು ಹೊಳೆಯಲೇ ಇಲ್ಲ.

ಕನ್ನಡಿ ಒಯ್ದಿದ್ದೆ. ಬನಶಂಕರಿಯ ರೊಟ್ಟಿ ಊಟ ಎರಡು ಸಲ ಮಾಡಿದೆವು.

ಪಟ್ಟದಕಲ್ಲಿನಲ್ಲಿ ಬೆಳಿಗ್ಗೆ ಏಳೂವರೆಯಿಂದ ಮಧ್ಯಾಹ್ನದ ತನಕ ಇದ್ದೆವು. ಹೋದ ಸಲ ಸೀಟಿ ಕೇಳಿದ ಕಂಬದ ಹತ್ತಿರ ನೇರವಾಗಿ ಹೋಗಿ ನಿಂತರು. ಅರ್ಧಕ್ಕೆ ಬಿಟ್ಟದ್ದನ್ನು ಓದಿ ಮುಗಿಸಿದರು. ಗುಂಡ ಅನಿವಾರಿತಾಚಾರಿಗೆ ಮಗ್ಗದ ಅಣ್ಣನ ಪರವಾಗಿಯೂ ಒಂದು ನಮಸ್ಕಾರ ಹಾಕಿದೆವು. ಐಹೊಳೆಗೆ ಹೋಗಲಿಲ್ಲ. ಮೇಗುತಿ ಗುಡಿಯಲ್ಲಿರುವ 634ರ ರವಿಕೀರ್ತಿಯ ಶಾಸನ ಉಳಿಯಿತಲ್ಲ ಅಂತ ನಾನೇ ಪೇಚಾಡಿದೆ. ಅಪ್ಪಾಜಿ "ಇರಲಿ, ಅದಕ್ಕೆ ಇನ್ನೊಂದು ಸಲ ಬರೋಣ" ಅಂದರು. ಇನ್ನೊಂದು ಸಲ ಅನ್ನುವ ಮಾತು ಅವರ ಬಾಯಲ್ಲಿ ಕೇಳಿ ಬಹಳ ದಿನ ಆಗಿತ್ತು.

ಈಗ ಮುಂದಿನ ಪ್ರಶ್ನೆ. ನಾಲ್ಕರಲ್ಲಿ ಪುಲಿಗೆರೆ, ಕಿಸುವೊಳಲು ಆದವು. ಕೊಪ್ಪಳದ ಗವಿಮಠದಲ್ಲಿ ಅಶೋಕನ ಶಾಸನವೂ ಇದೆ, ಅದಕ್ಕೆ ಸಂಕ್ರಾಂತಿ ಆದ ಮೇಲೆ ಒಂದು ದಿನ ಇಟ್ಟಿದ್ದೇವೆ. ಉಳಿದದ್ದು ಒಕ್ಕುಂದ, ಬೈಲಹೊಂಗಲ ತಾಲೂಕಿನ ಈಗಿನ ವಕ್ಕುಂದ. ಧಾರವಾಡದ ಕಡೆಯಿಂದ ಅಲ್ಲಿಗೆ ದಾರಿ ಹೇಗಿದೆ? ಗುಡಿಯ ತನಕ ಕಾರು ಹೋಗುತ್ತದಾ, ಇಳಿದು ಎಷ್ಟು ನಡೆಯಬೇಕು? ಇತ್ತೀಚೆಗೆ ಹೋಗಿ ಬಂದವರು ತಿಳಿಸಿ. ಅಪ್ಪಾಜಿ ಆಗಲೇ ಎರಡು ಸಲ ಕೇಳಿದ್ದಾರೆ.